ಶಾಲೆಯ ಊಟದ ಖರ್ಚು ಪಾಲಕರು ಹಂಚಿಕೊಳ್ಳುವುದು ಹೇಗೆ: ಮೊದಲ ಲೆಕ್ಕದಿಂದ ವರ್ಷದ ಕೊನೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಮಕ್ಕಳ ಶಾಲೆಯಲ್ಲಿ ಪಾಲಕರೇ ಸೇರಿ ಮಧ್ಯಾಹ್ನದ ಊಟ ಶುರು ಮಾಡಿ ಎರಡನೇ ತಿಂಗಳು. ಊಟದ ಕೋಣೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೆವು. ಯಾರ ಮನೆಯಿಂದ ವಂತಿಗೆ ಬಂದಿದೆ, ಯಾರದ್ದು ಬಾಕಿ ಇದೆ ಎಂಬ ಪಟ್ಟಿ. ಬಾಕಿ ಇದ್ದವರ ಹೆಸರಿನ ಕೆಳಗೆ ಕೆಂಪು ಗೆರೆ. ದೊಡ್ಡವರು ನೋಡಲಿ ಎಂದು ಹಾಕಿದ್ದು. ಆದರೆ ದೊಡ್ಡವರು ಆ ಬಾಗಿಲಿಗೆ ಬರುವುದು ತಿಂಗಳಿಗೊಮ್ಮೆ. ಮಕ್ಕಳು ದಿನಾ ಬರುತ್ತಾರೆ.

ಮೂರನೇ ದಿನ ನನ್ನ ಮಗಳು ಮನೆಗೆ ಬಂದು ಹೇಳಿದಳು: "ಅಮ್ಮಾ, ನನ್ನ ಪಕ್ಕ ಕೂರ್ತಾನಲ್ಲ, ಅವನು ಇವತ್ತು ಊಟಕ್ಕೆ ಬರಲೇ ಇಲ್ಲ. ಹೊಟ್ಟೆ ನೋವು ಅಂದ. ಆದ್ರೆ ಆಮೇಲೆ ಆಟ ಆಡ್ತಿದ್ದ." ಆ ಹುಡುಗನ ಹೆಸರಿನ ಕೆಳಗೆ ಕೆಂಪು ಗೆರೆ ಇತ್ತು. ಅವನಿಗೆ ಓದಲು ಬರುತ್ತಿತ್ತು.

ಅದೇ ಸಂಜೆ ಹಾಳೆ ಕಿತ್ತು ಹಾಕಿದೆವು. ಊಟದ ಲೆಕ್ಕವನ್ನು ಮೊದಲಿನಿಂದ ಮತ್ತೆ ಕಟ್ಟಿದೆವು. ಕೆಳಗೆ ಹೇಳಿರುವ ಹಂತಗಳೆಲ್ಲ ಆಮೇಲೆ ಕಲಿತದ್ದು. ಎಲ್ಲದರ ಹಿಂದೆ ಇರುವುದು ಒಂದೇ ನಿಯಮ. ಹಣದ ದಾರಿ ಬೇರೆ, ತಟ್ಟೆಯ ದಾರಿ ಬೇರೆ. ಯಾರ ಮನೆಯವರು ಎಷ್ಟು ಕೊಟ್ಟರು ಎಂಬುದು ಬಡಿಸುವವರಿಗೂ ಗೊತ್ತಿರಬಾರದು, ಪಕ್ಕದಲ್ಲಿ ಕೂತ ಮಗುವಿಗೂ ಗೊತ್ತಿರಬಾರದು, ಊಟ ಮಾಡುವ ಮಗುವಿಗಂತೂ ಗೊತ್ತಿರಲೇಬಾರದು.

ಮೊದಲ ಪ್ರಶ್ನೆ: ಈ ಖರ್ಚು ನಿಜವಾಗಿ ನಿಮ್ಮದೇನಾ?

ಹಣ ಕೂಡಿಸುವ ಮುಂಚೆ ಇದನ್ನು ಕೇಳಿಕೊಳ್ಳಿ. ಶಾಲೆಯ ಊಟದ ಖರ್ಚು ಯಾರದ್ದು ಎಂಬುದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಉತ್ತರ ಇದೆ. ಫಿನ್ಲೆಂಡ್ 1943ರಲ್ಲಿ ಕಾನೂನು ಮಾಡಿತು, 1948ರಿಂದ ಶಾಲೆಯ ಊಟ ಅಲ್ಲಿ ಉಚಿತ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ 2014ರ ಸೆಪ್ಟೆಂಬರಿನಿಂದ ಮೊದಲ ಮೂರು ತರಗತಿಗಳ ಮಕ್ಕಳಿಗೆ ಮನೆಯ ವರಮಾನ ಕೇಳದೆ ಊಟ ಸಿಗುತ್ತಿದೆ. ಭಾರತದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಆದೇಶ ಮಾಡಿತು. ಇಂಥ ಕಡೆ ಮಗುವಿನ ಊಟ ಅದರ ಹಕ್ಕು. ಅದಕ್ಕೆ ಪಾಲಕರಿಂದ ವಂತಿಗೆ ಎತ್ತುವುದು ತಪ್ಪು. ಊಟ ಚೆನ್ನಾಗಿಲ್ಲ ಅಂದರೆ ಕೇಳಬೇಕಾದವರನ್ನು ಕೇಳಿ, ಅವರು ಕೊಡಬೇಕಾದದ್ದನ್ನು ನೀವು ಕಟ್ಟಬೇಡಿ.

ಜಪಾನ್ ಖರ್ಚನ್ನೇ ಎರಡು ಭಾಗ ಮಾಡಿತು. ಅಲ್ಲಿನ 1954ರ ಶಾಲಾ ಊಟದ ಕಾಯ್ದೆ ಪ್ರಕಾರ ಅಡುಗೆಮನೆ, ಸಲಕರಣೆ, ಅಡುಗೆಯವರ ಸಂಬಳ ಇವು ಶಾಲೆ ನಡೆಸುವವರ ಹೊಣೆ. ದಿನಸಿ, ತರಕಾರಿಯ ಖರ್ಚು ಪಾಲಕರದ್ದು. ಈಚೆಗೆ ಅಲ್ಲಿನ ಎಷ್ಟೋ ಸ್ಥಳೀಯ ಆಡಳಿತಗಳು ಅದನ್ನೂ ತಾವೇ ಭರಿಸುತ್ತಿವೆ. ಆದರೂ ಆ ವಿಂಗಡಣೆ ನನಗೆ ತುಂಬಾ ಇಷ್ಟ. ಪಾಲಕರೇ ಖರ್ಚು ಹೊರಬೇಕಾದ ಶಾಲೆಯಲ್ಲಿ ಆಡಳಿತದ ಜೊತೆ ಮಾತಾಡಲು ಅದು ಒಳ್ಳೆಯ ಆರಂಭ. "ಕಟ್ಟಡ, ನೀರು, ವಿದ್ಯುತ್, ಒಲೆ ನೀವು ನೋಡಿಕೊಳ್ಳಿ. ಪಾತ್ರೆಯೊಳಗೆ ಬೀಳುವುದು ನಮ್ಮದು" ಎಂದು ಕೇಳಿ. ಪೂರ್ತಿ ಒಪ್ಪದಿದ್ದರೂ ಅರ್ಧ ಒಪ್ಪಿದರೆ ನಿಮ್ಮ ಭಾರ ಅಷ್ಟು ಇಳಿಯಿತು. ಒಪ್ಪಿದ್ದನ್ನು ಬರವಣಿಗೆಯಲ್ಲಿ ಪಡೆಯಿರಿ, ಸಹಿ ಮಾಡಿಸಿಕೊಳ್ಳಿ. ಬಾಯಿಮಾತಿನ ಒಪ್ಪಂದ ಮುಖ್ಯಸ್ಥರು ಬದಲಾದ ದಿನ ಬಿದ್ದುಹೋಗುತ್ತದೆ.

ಒಂದು ವಾರ ತಕ್ಕಡಿ ಹಿಡಿದು ನಿಲ್ಲಿ

ಒಂದು ತಟ್ಟೆ ಊಟಕ್ಕೆ ಎಷ್ಟು ಬೀಳುತ್ತದೆ? ಇದನ್ನು ಅಂದಾಜಿನಲ್ಲಿ ಹೇಳಬೇಡಿ. ಅಂದಾಜು ಹೇಳಿ ವಂತಿಗೆ ನಿಗದಿ ಮಾಡಿ, ಎರಡು ತಿಂಗಳಲ್ಲಿ ಏರಿಸಿದರೆ ಜನರ ನಂಬಿಕೆ ಹೋಗುತ್ತದೆ. ಕಳೆದುಕೊಂಡ ಆ ನಂಬಿಕೆ ಮತ್ತೆ ಸಿಗುವುದು ಕಷ್ಟ.

ಒಂದು ವಾರ ಪ್ರಾಯೋಗಿಕವಾಗಿ ಅಡುಗೆ ಮಾಡಿಸಿ. ದಿನಾ ನಾಲ್ಕು ತೂಕ ಬರೆದಿಡಿ. ತಂದ ಸಾಮಾನಿನ ತೂಕ. ಸಿಪ್ಪೆ, ಕಾಂಡ, ಕೊಳೆತದ್ದು ತೆಗೆದ ಮೇಲೆ ಪಾತ್ರೆಗೆ ಬಿದ್ದ ತೂಕ. ಬಡಿಸಿ ಪಾತ್ರೆಯಲ್ಲೇ ಉಳಿದದ್ದು. ತಟ್ಟೆಯಲ್ಲಿ ಬಿಟ್ಟು ಎಸೆದದ್ದು. ಕೊನೆಯ ಎರಡನ್ನು ಒಂದೇ ಬಕೆಟ್‌ಗೆ ಹಾಕಬೇಡಿ, ಎರಡಕ್ಕೂ ಬೇರೆ ಬೇರೆ ಬಕೆಟ್ ಇಡಿ. ಪಾತ್ರೆಯಲ್ಲಿ ಉಳಿದರೆ ಅಳತೆ ತಪ್ಪಾಗಿದೆ, ಇಲ್ಲವೇ ಹಾಜರಿ ಲೆಕ್ಕ ತಪ್ಪಾಗಿದೆ. ತಟ್ಟೆಯಲ್ಲಿ ಉಳಿದರೆ ಮಕ್ಕಳಿಗೆ ಏನೋ ಹಿಡಿಸಿಲ್ಲ.

ನಮ್ಮಲ್ಲಿ ಮೊದಲ ವಾರ ಎಂಜಲಿನ ಬಕೆಟ್ ತುಂಬುತ್ತಿದ್ದುದು ಚಿಕ್ಕ ಮಕ್ಕಳ ಸಾಲಿನಲ್ಲಿ. ರುಚಿ ಇಲ್ಲವೇನೋ ಎಂದು ಅಡುಗೆಯವರನ್ನು ಕೇಳಿದೆವು. ಅವರು ನನ್ನ ಕೈಗೆ ಸೌಟು ಕೊಟ್ಟು, "ನೀವೇ ಒಂದು ಸಲ ಬಡಿಸಿ ನೋಡಿ" ಅಂದರು. ಬಡಿಸಿದೆ. ಹದಿಮೂರು ವರ್ಷದ ಹುಡುಗನಿಗೆ ಹಾಕಿದ ಸೌಟಿನಲ್ಲೇ ಆರು ವರ್ಷದ ಮಗುವಿಗೂ ಹಾಕುತ್ತಿದ್ದೆವು. ಮಗುವಿನ ತಟ್ಟೆಯ ಅಂಚು ಕಾಣುತ್ತಿರಲಿಲ್ಲ. ಮರುದಿನದಿಂದ ಆ ಸಾಲಿಗೆ ಚಿಕ್ಕ ಸೌಟು. ಬೇಕಾದರೆ ಎರಡನೇ ಸಲ ಕೇಳಬಹುದು ಎಂದು ಮಕ್ಕಳಿಗೆ ಹೇಳಿದೆವು. ಬಕೆಟ್ ಅರ್ಧಕ್ಕಿಂತ ಕೆಳಗೆ ಇಳಿಯಿತು. ಖರ್ಚು ಕಡಿಮೆ ಮಾಡಲು ಬೇಳೆ ತೆಳ್ಳಗೆ ಮಾಡುವ ಮುಂಚೆ ದಯವಿಟ್ಟು ಬಕೆಟ್ ನೋಡಿ.

ಕಾಯಂ ಖರ್ಚು, ತಟ್ಟೆಯ ಖರ್ಚು

ಈಗ ಖರ್ಚನ್ನು ಎರಡು ಕಾಲಂನಲ್ಲಿ ಬರೆಯಿರಿ. ಎಷ್ಟು ಮಕ್ಕಳು ಉಂಡರೂ ಬದಲಾಗದ್ದು ಕಾಯಂ ಖರ್ಚು: ಅಡುಗೆಯವರ ಸಂಬಳ, ಪಾತ್ರೆ ತೊಳೆಯುವವರ ಕೂಲಿ, ಸಾಗಣೆ, ರಿಪೇರಿ. ಉಣ್ಣುವವರ ಲೆಕ್ಕಕ್ಕೆ ಏರಿಳಿಯುವುದು ತಟ್ಟೆಯ ಖರ್ಚು: ಧಾನ್ಯ, ಬೇಳೆ, ತರಕಾರಿ, ಎಣ್ಣೆ. ಇಂಧನ ಎರಡರ ನಡುವೆ ಬರುತ್ತದೆ. ನಾವು ಅದನ್ನು ಕಾಯಂಗೆ ಸೇರಿಸಿದೆವು. ಐದು ಮಕ್ಕಳು ಕಡಿಮೆ ಬಂದರೆ ಒಲೆಯೇನೂ ಕಡಿಮೆ ಉರಿಯುವುದಿಲ್ಲ.

ಒಂದು ಉದಾಹರಣೆ ನೋಡೋಣ. ಹಣಕ್ಕೆ ಯಾವ ಹೆಸರಾದರೂ ಇರಲಿ, ಇಲ್ಲಿ ಸುಮ್ನೆ 'ಘಟಕ' ಅನ್ನೋಣ.

ಮಕ್ಕಳು 80. ತಿಂಗಳಿಗೆ ಊಟದ ದಿನ 20. ಎಲ್ಲರೂ ದಿನಾ ಬಂದರೆ 1,600 ತಟ್ಟೆ. ಆದರೆ ಎಲ್ಲರೂ ದಿನಾ ಬರುವುದಿಲ್ಲ. ಹಾಜರಿ ಪುಸ್ತಕ ನೋಡಿದರೆ ನೂರಕ್ಕೆ 90 ಅಂತ ಇಟ್ಟುಕೊಳ್ಳಿ. ಹಾಗಾದರೆ 1,440 ತಟ್ಟೆ. ಕಾಯಂ ಖರ್ಚು 2,880 ಘಟಕ, ಅಂದರೆ ಒಂದು ಮಗುವಿಗೆ 36. ತಟ್ಟೆಯ ಖರ್ಚು 4,320 ಘಟಕ, ಅಂದರೆ ಒಂದು ತಟ್ಟೆಗೆ 3. ಒಟ್ಟು 7,200. ಸಮವಾಗಿ ಹಂಚಿದರೆ ಮಗುವಿಗೆ 90.

ಈ ವಿಂಗಡಣೆ ಯಾಕೆ ಮುಖ್ಯ ಅಂದರೆ, "ನನ್ನ ಮಗ ಎಂಟು ದಿನ ಬರಲಿಲ್ಲ, ಅಷ್ಟು ಹಣ ವಾಪಸ್ ಕೊಡಿ" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳುವುದು ನ್ಯಾಯವೇ. ಎಷ್ಟು ಕೊಡಬೇಕು? 90ನ್ನು 20ರಿಂದ ಭಾಗಿಸಿ ದಿನಕ್ಕೆ 4.50 ಕೊಟ್ಟರೆ ಅಡುಗೆಯವರ ಸಂಬಳದ ಪಾಲೂ ಹೊರಟುಹೋಗುತ್ತದೆ. ಮಗು ಬರದಿದ್ದರೂ ಅಡುಗೆಯವರು ಬಂದಿದ್ದರಲ್ಲ. ಆದ್ದರಿಂದ ವಾಪಸ್ ಕೊಡುವುದು ತಟ್ಟೆಯ 3 ಮಾತ್ರ, ಎಂಟು ದಿನಕ್ಕೆ 24. ಅದೂ ಮೊದಲೇ ತಿಳಿಸಿದ್ದರೆ ಮಾತ್ರ. ಸಾಮಾನು ತಂದ ಮೇಲೆ ತಿಳಿಸಿದರೆ ಆ ದಿನದ ತಟ್ಟೆಯ ಖರ್ಚು ಆಗಿಹೋಗಿರುತ್ತದೆ. ಇನ್ನೂ ಒಂದು ಮಾತು. ಹಾಜರಿ ನೂರಕ್ಕೆ 90 ಎಂದು ಇಟ್ಟಾಗಲೇ ಒಂದೊಂದು ದಿನದ ರಜೆ ಲೆಕ್ಕದಲ್ಲಿ ಸೇರಿಕೊಂಡಿದೆ. ಹಾಗಾಗಿ ಸತತವಾಗಿ ಐದು ದಿನಕ್ಕಿಂತ ಜಾಸ್ತಿ ರಜೆ ಇದ್ದರೆ ಮಾತ್ರ ವಾಪಸ್ ಎಂದು ನಿಯಮ ಮಾಡಿ. ಇಲ್ಲದಿದ್ದರೆ ಒಂದೇ ರಜೆಯನ್ನು ಎರಡು ಸಲ ಕಳೆದಂತಾಗುತ್ತದೆ.

ಯಾರು ಎಷ್ಟು ಕೊಡಬೇಕು?

ಇಲ್ಲಿ ಆತುರ ಬೇಡ. ಸಭೆಯಲ್ಲಿ ಜಗಳ ಆಗುವುದೂ ಇಲ್ಲೇ.

ಎಲ್ಲರೂ ಸಮ ಕೊಡಲಿ ಅನ್ನುವುದು ಕೇಳಲು ಚೆಂದ. ಆದರೆ ಒಬ್ಬರಿಗೆ 90 ಘಟಕ ಅಂದರೆ ಒಂದು ಸಂಜೆಯ ಖರ್ಚು, ಇನ್ನೊಬ್ಬರಿಗೆ ಒಂದು ವಾರದ ದಿನಸಿ. ಹಾಗೆ ಸಮ ಮಾಡಿದರೆ ಕೆಲವರು ಊಟದಿಂದ ಮಗುವನ್ನು ಬಿಡಿಸುತ್ತಾರೆ. ಬಿಡಿಸುವಾಗ ಕಾರಣ ಹೇಳುವುದಿಲ್ಲ. "ನಮ್ಮವನಿಗೆ ಮನೆ ಊಟವೇ ಇಷ್ಟ" ಅನ್ನುತ್ತಾರೆ. ಫ್ರಾನ್ಸಿನ ಎಷ್ಟೋ ಊರುಗಳಲ್ಲಿ ಶಾಲೆಯ ಊಟದ ದರ ಮನೆಯ ವರಮಾನ ಮತ್ತು ಮನೆಯಲ್ಲಿರುವ ಜನ ನೋಡಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಅದು ಸರ್ಕಾರದ ಕಡೆ ದಾಖಲೆ ಇರುವುದರಿಂದ ನಡೆಯುವ ಕೆಲಸ. ಪಾಲಕರ ಗುಂಪು ಇನ್ನೊಬ್ಬ ಪಾಲಕರ ವರಮಾನದ ಪತ್ರ ಕೇಳಬಾರದು. ದಿನಾ ಗೇಟಿನ ಹತ್ತಿರ ಮುಖ ನೋಡುವ ಜನ ನಾವು.

ನಾನು ಹೇಳುವುದು, ಪಾಲನ್ನು ಅವರೇ ಆರಿಸಲಿ. ನಾಲ್ಕು ಬಗೆ ಇಡಿ: ಸೊನ್ನೆ, ಅರ್ಧ, ಪೂರ್ತಿ, ಒಂದೂವರೆ. ಪ್ರತಿ ಮನೆಗೂ ಮುಚ್ಚಿದ ಲಕೋಟೆಯಲ್ಲಿ ಒಂದೇ ಥರದ ಚೀಟಿ ಕಳಿಸಿ. ಚೀಟಿಯಲ್ಲಿ ಹೀಗೆ ಬರೆಯಬಹುದು:

"ಈ ವರ್ಷ ನಮ್ಮ ಮನೆಯಿಂದ ಯಾವ ಪಾಲು ಕೊಡಲು ಆಗುತ್ತದೆ ಎಂದು ಗುರುತು ಹಾಕಿ. ಕಾರಣ ಬರೆಯಬೇಕಿಲ್ಲ. ಯಾವ ದಾಖಲೆಯೂ ಬೇಡ. ವರ್ಷದ ನಡುವೆ ಪರಿಸ್ಥಿತಿ ಬದಲಾದರೆ ಪಾಲನ್ನೂ ಬದಲಾಯಿಸಬಹುದು. ಈ ಚೀಟಿಯನ್ನು ಇಬ್ಬರು ಮಾತ್ರ ನೋಡುತ್ತಾರೆ. ಯಾವ ಪಾಲು ಆರಿಸಿದರೂ ಮಗುವಿನ ಊಟ ಒಂದೇ."

ಎಲ್ಲರೂ ಸೊನ್ನೆಗೇ ಗುರುತು ಹಾಕಿಬಿಟ್ಟರೆ ಎಂದು ಸಭೆಯಲ್ಲಿ ಒಬ್ಬರಾದರೂ ಕೇಳುತ್ತಾರೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ನಮ್ಮಲ್ಲಿ ಹಾಗಾಗಲಿಲ್ಲ. ಸೊನ್ನೆ ಹಾಕಬಹುದಾಗಿದ್ದ ಒಬ್ಬ ತಾಯಿ ಅರ್ಧ ಹಾಕಿದ್ದರು. ಅವರೇ ಇನ್ನೊಂದು ವರ್ಷ ಪೂರ್ತಿಗೆ ಬಂದರು.

ಈಗ ಲೆಕ್ಕ. ಎಷ್ಟು ಮನೆ ಯಾವ ಪಾಲು ಅಂತ ಬಂದ ಮೇಲೆ ಪಾಲುಗಳನ್ನು ಕೂಡಿ. 80 ಮಕ್ಕಳಲ್ಲಿ 6 ಸೊನ್ನೆ, 14 ಅರ್ಧ, 52 ಪೂರ್ತಿ, 8 ಒಂದೂವರೆ ಅಂದುಕೊಳ್ಳಿ. ಅರ್ಧದವು 7 ಪಾಲು, ಪೂರ್ತಿಯವು 52, ಒಂದೂವರೆಯವು 12. ಒಟ್ಟು 71 ಪಾಲು. 7,200ನ್ನು 71ರಿಂದ ಭಾಗಿಸಿದರೆ 101 ಚಿಲ್ಲರೆ. 102 ಎಂದು ಮಾಡಿ. ಅರ್ಧ ಪಾಲು 51, ಒಂದೂವರೆ 153. ಕೂಡಿ ನೋಡಿ: 714, 5,304, 1,224. ಒಟ್ಟು 7,242. ಖರ್ಚು ಕಳೆದು 42 ಉಳಿಯಿತು. ಅದು ಆಪತ್ಕಾಲದ ನಿಧಿಗೆ.

ಸಮ ಹಂಚಿಕೆಯಲ್ಲಿ 90 ಕೊಡುತ್ತಿದ್ದ ಮನೆ ಈಗ 102 ಕೊಡುತ್ತದೆ. ಬರೀ 12 ಜಾಸ್ತಿ. ಆ 12ರಿಂದ ಮತ್ತು ಒಂದೂವರೆ ಕೊಟ್ಟವರಿಂದ ಆರು ಮಕ್ಕಳ ಪೂರ್ತಿ ಊಟ, ಹದಿನಾಲ್ಕು ಮಕ್ಕಳ ಅರ್ಧ ಊಟ ನಡೆಯುತ್ತದೆ. ಸಭೆಯಲ್ಲಿ ಈ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಬಿಡಿಸಿ ತೋರಿಸಿ. ಉದ್ದ ಭಾಷಣಕ್ಕಿಂತ ಆ 12 ಎಂಬ ಅಂಕಿ ಜಾಸ್ತಿ ಕೆಲಸ ಮಾಡುತ್ತದೆ.

ಒಂದೇ ಮನೆಯಿಂದ ಎರಡು ಮೂರು ಮಕ್ಕಳಿದ್ದರೆ? ಎರಡನೇ ಮಗುವಿಗೆ ರಿಯಾಯಿತಿ ಎಂದು ಬೇರೆ ನಿಯಮ ಬೇಡ. ಪ್ರತಿ ಮಗುವಿಗೂ ಒಂದು ಚೀಟಿ ಕೊಡಿ, ಅವರೇ ಒಂದಕ್ಕೆ ಪೂರ್ತಿ ಇನ್ನೊಂದಕ್ಕೆ ಅರ್ಧ ಹಾಕಿಕೊಳ್ಳಲಿ. ನಿಯಮ ಕಡಿಮೆ ಇದ್ದಷ್ಟೂ ಒಳ್ಳೆಯದು.

ಹಣ ತೆಗೆದುಕೊಳ್ಳುವ ರೀತಿ

ಮಗುವಿನ ಕೈಯಲ್ಲಿ ಹಣ ಕಳಿಸಬೇಡಿ ಎಂದು ಎಲ್ಲ ಮನೆಗೂ ಹೇಳಿ. ಕಳೆದುಹೋಗುತ್ತದೆ ಅನ್ನುವುದು ಸಣ್ಣ ಕಾರಣ. ಮಗುವಿನ ಕೈಯಲ್ಲಿ ಹಣ ಬಂದರೆ ಎಷ್ಟು ಬಂತು ಎಂದು ತರಗತಿಗೆಲ್ಲ ಗೊತ್ತಾಗುತ್ತದೆ ಅನ್ನುವುದು ದೊಡ್ಡ ಕಾರಣ. ಶಿಕ್ಷಕರ ಕೈಗೂ ಈ ಕೆಲಸ ಕೊಡಬೇಡಿ. ಶುಲ್ಕ ಕೇಳಿದ ಬಾಯಿಂದಲೇ ಪಾಠ ಕೇಳುವುದು ಮಗುವಿಗೆ ಕಷ್ಟ.

ಊಟಕ್ಕೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಯಾರ ಸ್ವಂತ ಖಾತೆಯೂ ಬೇಡ, ಎಷ್ಟೇ ನಂಬಿಕಸ್ಥರಾದರೂ ಸರಿ. ಹಣ ತೆಗೆಯಲು ಇಬ್ಬರ ಸಹಿ ಬೇಕು. ಆ ಇಬ್ಬರು ಒಂದೇ ಮನೆಯವರಾಗಿರಬಾರದು. ನಗದು ಕೊಡುವವರಿಗೆ ತಿಂಗಳಲ್ಲಿ ಎರಡು ದಿನ, ಒಂದು ಬೆಳಿಗ್ಗೆ ಒಂದು ಸಂಜೆ, ಮಕ್ಕಳು ಓಡಾಡದ ಜಾಗದಲ್ಲಿ ಒಬ್ಬರು ರಸೀದಿ ಪುಸ್ತಕ ಹಿಡಿದು ಕೂರಲಿ. ರಸೀದಿಯಲ್ಲಿ ಮೊತ್ತ ಇರಲಿ, 'ಅರ್ಧ ಪಾಲು' ಎಂಬ ಪದ ಬೇಡ. ಆ ಚೀಟಿ ಮನೆಯ ಮೇಜಿನ ಮೇಲೆ ಬಿದ್ದಿರುತ್ತದೆ, ಮಗು ಓದುತ್ತದೆ.

ತಿಂಗಳ ಕೂಲಿ ಅಲ್ಲ, ವಾರದ ಕೂಲಿ ಬರುವ ಮನೆಗಳಿರುತ್ತವೆ. ಅವರಿಗೆ ವಾರಕ್ಕೊಮ್ಮೆ ಕೊಡುವ ಅವಕಾಶ ಇರಲಿ. ಬೆಳೆ ಬಂದಾಗ ಒಟ್ಟಿಗೆ ಕೊಡುವವರಿದ್ದರೆ ಅದನ್ನೂ ಒಪ್ಪಿಕೊಳ್ಳಿ. ಖಾತೆಯಲ್ಲಿ ಒಂದು ತಿಂಗಳ ಖರ್ಚು ಮುಂಗಡವಾಗಿ ಇದ್ದರೆ ಇದೆಲ್ಲ ಸಲೀಸು. ಅದಕ್ಕಾಗಿ ಮೊದಲ ವರ್ಷ ಊಟ ಶುರುವಾಗುವ ಮುಂಚಿನ ಎರಡು ತಿಂಗಳು ಅರ್ಧರ್ಧ ವಂತಿಗೆ ಎತ್ತಿಟ್ಟುಕೊಳ್ಳುವುದು ಒಳ್ಳೆಯದು.

ಬಾಕಿ ಉಳಿದರೆ

ಉಳಿಯುತ್ತದೆ. ಅದಕ್ಕೆ ಮೊದಲೇ ನಿಯಮ ಬರೆದಿಡಿ, ಆಮೇಲೆ ಸಿಟ್ಟಿನಲ್ಲಿ ಬರೆಯುವುದು ಬೇಡ.

ಅಮೆರಿಕದ ಶಾಲೆಗಳಲ್ಲಿ ಬಾಕಿ ಇದ್ದ ಮಕ್ಕಳ ಕೈಗೆ ಮುದ್ರೆ ಒತ್ತುವುದು, ಬಡಿಸಿದ ಬಿಸಿ ಊಟವನ್ನು ಅವರ ಮುಂದೆಯೇ ಎಸೆದು ಬೇರೆ ತಣ್ಣನೆಯ ತಿಂಡಿ ಕೊಡುವುದು ನಡೆಯುತ್ತಿತ್ತು. 2017ರಲ್ಲಿ ನ್ಯೂ ಮೆಕ್ಸಿಕೋ ರಾಜ್ಯ ಇದನ್ನು ಕಾನೂನು ಮಾಡಿ ನಿಲ್ಲಿಸಿತು. ಮಗುವನ್ನು ಗುರುತು ಮಾಡಬಾರದು, ಬಾಕಿ ತೀರಿಸಲು ಅದರಿಂದ ಕೆಲಸ ಮಾಡಿಸಬಾರದು, ಬಾಕಿಯ ಮಾತನ್ನು ಪಾಲಕರ ಹತ್ತಿರ ಮಾತ್ರ ಆಡಬೇಕು ಎಂದಿತು. ಆಮೇಲೆ ಬೇರೆ ರಾಜ್ಯಗಳೂ ಇಂಥ ಕಾನೂನು ತಂದವು. ಅಲ್ಲಿ ನಡೆದದ್ದು ಓದಿದಾಗ ನನಗೆ ನಮ್ಮ ಬಾಗಿಲಿನ ಕೆಂಪು ಗೆರೆ ನೆನಪಾಯಿತು. ನಾವು ಯಾರ ಊಟವನ್ನೂ ಎಸೆದಿರಲಿಲ್ಲ. ಆದರೂ ಆ ಹುಡುಗ ಉಣ್ಣದೆ ಹೋದ.

ನಾವು ಇಟ್ಟುಕೊಂಡಿರುವ ಕ್ರಮ ಇದು. ಮೊದಲ ತಿಂಗಳು ಬಾಕಿ ಬಿದ್ದರೆ ಎಲ್ಲರಿಗೂ ಒಂದೇ ಥರದ ನೆನಪೋಲೆ ಹೋಗುತ್ತದೆ. ಕಟ್ಟಿದವರಿಗೆ 'ಬಂದಿದೆ' ಎಂದು, ಕಟ್ಟದವರಿಗೆ 'ಇಷ್ಟು ಇದೆ' ಎಂದು. ಲಕೋಟೆ ಹೊರಗಿನಿಂದ ಒಂದೇ ಥರ ಕಾಣಬೇಕು. ಎರಡನೇ ತಿಂಗಳೂ ಬಾರದಿದ್ದರೆ ಚೀಟಿ ನೋಡಿದ ಇಬ್ಬರಲ್ಲಿ ಒಬ್ಬರು ಫೋನ್ ಮಾಡುತ್ತಾರೆ. ಗುಂಪಿನ ವಾಟ್ಸಾಪ್‌ನಲ್ಲಿ ಬರೆಯುವುದು ಖಂಡಿತ ಬೇಡ. ಫೋನಿನಲ್ಲಿ ಏನು ಮಾತಾಡಬೇಕು ಎಂದು ಗೊತ್ತಾಗದೆ ಜನ ಮುಂದೂಡುತ್ತಾರೆ, ಅದಕ್ಕೆ ಇಲ್ಲಿ ಬರೆಯುತ್ತೇನೆ:

"ಅಕ್ಕಾ, ಊಟದ ಲೆಕ್ಕ ನೋಡ್ತಿದ್ದೆ. ಎರಡು ತಿಂಗಳದ್ದು ಉಳಿದಿದೆ. ಮರೆತಿದ್ರೆ ಪರವಾಗಿಲ್ಲ, ಈಗ ಕೊಡಿ. ಕಷ್ಟ ಆಗಿದ್ರೆ ಅರ್ಧ ಪಾಲಿಗೆ, ಇಲ್ಲ ಸೊನ್ನೆಗೆ ಬದಲಾಯಿಸ್ತೀನಿ, ನೀವು ಏನೂ ಬರೆದುಕೊಡಬೇಕಿಲ್ಲ. ಮಗು ಊಟಕ್ಕಂತೂ ಬರ್ತಾನೇ ಇರ್ಲಿ."

ಕೊನೆಯ ವಾಕ್ಯ ಬಿಡಬೇಡಿ. ಫೋನಿನ ಆ ಕಡೆ ಇರುವವರು ಕಾಯುತ್ತಿರುವುದು ಅದಕ್ಕೇ.

ಶಕ್ತಿ ಇದ್ದೂ ಕಟ್ಟದವರು? ಇರುತ್ತಾರೆ, ಒಬ್ಬರೋ ಇಬ್ಬರೋ. ಅವರ ಜೊತೆ ಗಟ್ಟಿಯಾಗಿಯೇ ಮಾತಾಡಿ, ಮನೆಗೆ ಹೋಗಿ ಕೇಳಿ. ಆದರೆ ಅವರ ಮಗುವಿನ ತಟ್ಟೆಗೆ ಕೈ ಹಾಕಬೇಡಿ. ಅಪ್ಪ ಕಟ್ಟದಿದ್ದಕ್ಕೆ ಮಗ ಯಾಕೆ ಹಸಿಯಬೇಕು? ಬಾರದ ಬಾಕಿಗೆಂದೇ ಒಟ್ಟು ಖರ್ಚಿನಲ್ಲಿ ನೂರಕ್ಕೆ ಮೂರೋ ನಾಲ್ಕೋ ಮೊದಲೇ ಸೇರಿಸಿಟ್ಟರೆ ನಿಮಗೂ ತಲೆಬಿಸಿ ಕಡಿಮೆ.

ಲೆಕ್ಕ ತೋರಿಸುವುದು

ತಿಂಗಳ ಮೊದಲ ವಾರ ಹೋದ ತಿಂಗಳ ಜಮಾ-ಖರ್ಚು ಒಂದೇ ಹಾಳೆಯಲ್ಲಿ ಎಲ್ಲರಿಗೂ ಕೊಡಿ. ಒಟ್ಟು ಬಂದದ್ದು, ಒಟ್ಟು ಹೋದದ್ದು, ಕೈಯಲ್ಲಿ ಉಳಿದದ್ದು. ಎಷ್ಟು ತಟ್ಟೆ ಬಡಿಸಿದೆವು, ಒಂದು ತಟ್ಟೆಗೆ ಎಷ್ಟು ಬಿತ್ತು. ಒಟ್ಟು ಬಾಕಿ ಎಷ್ಟು ಎಂದು ಹಾಕಬಹುದು, ಯಾರದ್ದು ಎಂದು ಹಾಕಬಾರದು. ಎಷ್ಟು ಮನೆ ಯಾವ ಪಾಲು ಎಂದೂ ಪದೇ ಪದೇ ಹೇಳಬೇಡಿ. ಆರು ಮನೆ ಸೊನ್ನೆ ಎಂದು ಗೊತ್ತಾದರೆ ಆ ಆರು ಯಾರು ಎಂದು ಜನ ಹುಡುಕಲು ಶುರು ಮಾಡುತ್ತಾರೆ. ವರ್ಷದ ಆರಂಭದ ಸಭೆಯಲ್ಲಿ ಒಮ್ಮೆ ಲೆಕ್ಕ ಬಿಡಿಸಿ ತೋರಿಸುವಾಗಲೂ ಕಾಲ್ಪನಿಕ ಅಂಕಿಗಳನ್ನೇ ಬಳಸಿ.

ಖರೀದಿ ಮಾಡುವವರು, ಹಣ ಕೊಡುವವರು, ಲೆಕ್ಕ ಬರೆಯುವವರು ಮೂವರು ಬೇರೆ ಬೇರೆ ಇರಲಿ. ಇದು ಯಾರ ಮೇಲಿನ ಅನುಮಾನವೂ ಅಲ್ಲ. ನಾಳೆ ಯಾರಾದರೂ ಅನುಮಾನ ಪಟ್ಟರೆ ಆ ಮೂವರನ್ನೂ ಕಾಪಾಡುವುದು ಇದೇ. ಸಾಮಾನು ಬಂದಾಗ ತೂಗಿ ಒಳಗಿಡುವವರು ಅಡುಗೆಯವರು. ದಾಸ್ತಾನು ಪುಸ್ತಕದಲ್ಲಿ ಅವರ ಸಹಿಯೂ ಬೇಕು.

ಹಣದ ಬದಲು ಸಾಮಾನು, ಹಣದ ಬದಲು ಕೆಲಸ

ತರಕಾರಿ ಬೆಳೆಯುವವರು ತರಕಾರಿ ಕೊಡುತ್ತೇನೆ ಅನ್ನಬಹುದು. ತೆಗೆದುಕೊಳ್ಳಿ. ಅವತ್ತಿನ ಮಾರುಕಟ್ಟೆ ದರ ಹಾಕಿ ಅವರ ಪಾಲಿಗೆ ಜಮಾ ಮಾಡಿ. ಆದರೆ ಏನು, ಎಷ್ಟು, ಯಾವ ದಿನ ಎಂದು ಮೊದಲೇ ಅಡುಗೆಯವರನ್ನು ಕೇಳಿ. ಹೇಳದೆ ಕೇಳದೆ ಬಂದು ಬಿದ್ದ ಒಂದು ಮೂಟೆ ಎಲೆ ತರಕಾರಿ ಎರಡು ದಿನಕ್ಕೆ ಕೊಳೆಯುತ್ತದೆ.

ಕೆಲಸದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟು. "ಹಣ ಕೊಡಲಾಗದವರು ಬಂದು ಪಾತ್ರೆ ತೊಳೆಯಲಿ" ಎಂಬ ಸಲಹೆ ಬಂದರೆ ಒಪ್ಪಬೇಡಿ. ಪಾತ್ರೆಯ ಹತ್ತಿರ ಯಾರ ಅಮ್ಮ ನಿಂತಿದ್ದಾರೆ ಎಂದು ಮಕ್ಕಳು ನೋಡುತ್ತಾರೆ. ಸರದಿ ಹಾಕುವುದಾದರೆ ಎಲ್ಲ ಮನೆಗೂ ಹಾಕಿ. ಒಂದೂವರೆ ಕೊಡುವವರೂ ಬಂದು ಬಡಿಸಲಿ, ಸೊನ್ನೆಯವರೂ ಬಡಿಸಲಿ. ಬರಲಾಗದವರು ಮನೆಯಲ್ಲೇ ಕೂತು ಲೆಕ್ಕದ ಹಾಳೆ ಟೈಪ್ ಮಾಡಿಕೊಡಲಿ.

ಬೇರೆ ಊಟ ಬೇಕಾದ ಮಕ್ಕಳು

ಕೆಲವು ಮಕ್ಕಳಿಗೆ ಹಾಲು, ಮೊಟ್ಟೆ, ಕಡಲೆಕಾಯಿ, ಗೋಧಿ ಇಂಥದ್ದು ಆಗಿಬರುವುದಿಲ್ಲ. ಕಡಲೆಕಾಯಿಯ ಅಲರ್ಜಿ ಇರುವ ಮಗುವಿಗೆ ಕಡಲೆಕಾಯಿ ತಾಗಿದ ಸೌಟಿನಲ್ಲಿ ಬಡಿಸಿದರೂ ಸಾಕು, ಉಸಿರು ಕಟ್ಟಬಹುದು. ಇವರಿಗೆ ಬೇರೆ ಪಾತ್ರೆ, ಬೇರೆ ಸೌಟು ಬೇಕು. ಅದರ ಹೆಚ್ಚುವರಿ ಖರ್ಚು ಆ ಮನೆಯ ಮೇಲೆ ಹಾಕಬೇಡಿ, ಒಟ್ಟು ಖರ್ಚಿಗೆ ಸೇರಿಸಿ. ಖರ್ಚು ಜಾಸ್ತಿ ಆಗುತ್ತದೆ ಎಂದು ಗೊತ್ತಾದರೆ ಪಾಲಕರು ಅಲರ್ಜಿಯನ್ನೇ ಮುಚ್ಚಿಡಬಹುದು. ಅದರಷ್ಟು ಅಪಾಯ ಬೇರೆ ಇಲ್ಲ.

ಉಳಿತಾಯ ಮಾಡಬಾರದ ಜಾಗ

ಹಣ ಸಾಲದಾಗ ಮೊದಲು ಕತ್ತರಿ ಬೀಳುವುದು ಸೋಪು, ಕುಡಿಯುವ ನೀರು, ಮುಚ್ಚಳದ ಪಾತ್ರೆ ಇಂಥದ್ದಕ್ಕೆ. ಅವನ್ನು ಮುಟ್ಟಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಳತೆಗಳು ಸರಳವಾಗಿವೆ. ಆಹಾರದ ಒಳಭಾಗ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಬೇಯಬೇಕು. ಬಡಿಸುವವರೆಗೆ 60 ಡಿಗ್ರಿಗಿಂತ ಬಿಸಿಯಾಗಿರಬೇಕು. ಬೆಂದ ಆಹಾರ ಎರಡು ಗಂಟೆಗಿಂತ ಜಾಸ್ತಿ ಹೊರಗೆ ತಣ್ಣಗೆ ಕೂರಬಾರದು. ಅಡುಗೆ ಒಂದು ಕಡೆ, ಶಾಲೆ ಇನ್ನೊಂದು ಕಡೆ ಇದ್ದರೆ ಈ ಎರಡು ಗಂಟೆಯೇ ನಿಮ್ಮ ಮಿತಿ. ಒಂದು ಅಡುಗೆ ಥರ್ಮಾಮೀಟರ್ ಕೊಂಡುಕೊಳ್ಳಿ. ವರ್ಷದ ಖರ್ಚಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ.

ದರ ಏರಿದಾಗ

ತರಕಾರಿ ದರ ಏರಿದ ತಿಂಗಳೇ ವಂತಿಗೆ ಏರಿಸಬೇಡಿ. ಆಪತ್ಕಾಲದ ನಿಧಿ ಇರುವುದೇ ಅದಕ್ಕೆ. ಒಂದು ತಿಂಗಳ ತಟ್ಟೆಯ ಖರ್ಚಿನಷ್ಟು ಅದರಲ್ಲಿ ಇರುವಂತೆ ನೋಡಿಕೊಳ್ಳಿ. ಮೂರು ತಿಂಗಳ ಸರಾಸರಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಏರಿದ್ದರೆ ಮಾತ್ರ ಸಭೆ ಕರೆಯಿರಿ. ಅಲ್ಲಿಯವರೆಗೆ ಅಡುಗೆಯವರ ಜೊತೆ ಕೂತು ದರ ಇಳಿದ ತರಕಾರಿಗೆ ಬದಲಾಯಿಸಿ. ಬೇಳೆಯ ಪ್ರಮಾಣ ಮಾತ್ರ ಇಳಿಸಬೇಡಿ. ಕೆಲವು ಮಕ್ಕಳಿಗೆ ದಿನದ ಗಟ್ಟಿ ಊಟ ಇದೊಂದೇ ಆಗಿರುತ್ತದೆ.

ಅಪ್ಪ ಅಮ್ಮ ಬೇರೆ ಬೇರೆ ಮನೆಯಲ್ಲಿದ್ದರೆ

ಇದು ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಪ್ರತಿ ತಿಂಗಳೂ ಬರುವ ವಿಷಯ. "ಅವರನ್ನು ಕೇಳಿ" ಎಂದು ಇವರು, "ಇವರನ್ನು ಕೇಳಿ" ಎಂದು ಅವರು. ವರ್ಷದ ಆರಂಭದಲ್ಲೇ ಇಬ್ಬರಿಗೂ ಬೇರೆ ಬೇರೆ ಚೀಟಿ ಕೊಡಿ. ಒಬ್ಬೊಬ್ಬರೂ ಎಷ್ಟು ಕೊಡುತ್ತೇವೆ ಎಂದು ಬರೆಯಲಿ. ರಸೀದಿಯೂ ಬೇರೆ ಬೇರೆ. ಒಬ್ಬರದ್ದು ಬಾಕಿ ಬಿದ್ದರೆ ಅದನ್ನು ಇನ್ನೊಬ್ಬರಿಗೆ ಹೇಳಬೇಡಿ. ಇಬ್ಬರ ನಡುವಿನ ಸಂದೇಶವನ್ನು ಮಗುವಿನ ಚೀಲದಲ್ಲಿ ಕಳಿಸುವುದಂತೂ ಬೇಡವೇ ಬೇಡ.

ವರ್ಷದ ಕೊನೆ

ಕೊನೆಯ ತಿಂಗಳು ದಾಸ್ತಾನು ಖಾಲಿ ಮಾಡುವ ಹಾಗೆ ಅಡುಗೆ ಯೋಜಿಸಿ. ರಜೆಯಲ್ಲಿ ಧಾನ್ಯಕ್ಕೆ ಹುಳು ಬೀಳುತ್ತದೆ. ವರ್ಷದ ಲೆಕ್ಕವನ್ನು ಊಟದ ಕೆಲಸದಲ್ಲಿ ಇಲ್ಲದ ಇಬ್ಬರು ಪಾಲಕರು ರಸೀದಿಗಳ ಜೊತೆ ತಾಳೆ ನೋಡಲಿ, ಸಹಿ ಹಾಕಲಿ. ಹಣ ಉಳಿದಿದ್ದರೆ ಮೊದಲು ಆಪತ್ಕಾಲದ ನಿಧಿ ತುಂಬಿ. ಅದು ತುಂಬಿದ ಮೇಲೂ ಉಳಿದರೆ ಮುಂದಿನ ವರ್ಷದ ಮೊದಲ ತಿಂಗಳ ವಂತಿಗೆಯಲ್ಲಿ ಎಲ್ಲರಿಗೂ ಕಡಿತ ಕೊಡಿ. ಬಾರದೇ ಉಳಿದ ಬಾಕಿಯನ್ನು ಸಭೆಯಲ್ಲಿ ಒಟ್ಟು ಮೊತ್ತವಾಗಿ ಮಾತ್ರ ಹೇಳಿ, ಮನ್ನಾ ಎಂದು ಬರೆದು ಪುಸ್ತಕ ಮುಚ್ಚಿ. ಹಳೆ ಬಾಕಿ ಹೊಸ ವರ್ಷಕ್ಕೆ ಹೋಗಬಾರದು.

ಹೊಸ ಸಮಿತಿಗೆ ಕೊಡಬೇಕಾದದ್ದು: ಬ್ಯಾಂಕ್ ಪುಸ್ತಕ, ಜಮಾ-ಖರ್ಚಿನ ಪುಸ್ತಕ, ದಾಸ್ತಾನು ಪುಸ್ತಕ, ಶಾಲೆಯ ಜೊತೆ ಮಾಡಿಕೊಂಡ ಒಪ್ಪಂದ, ತೂಕಗಳ ಹಾಳೆ, ಅಲರ್ಜಿ ಇರುವ ಮಕ್ಕಳ ಪಟ್ಟಿ. ಪಾಲಿನ ಚೀಟಿಗಳನ್ನು ಕೊಡಬೇಡಿ. ಹೊಸಬರು ಹೊಸ ಚೀಟಿ ಕಳಿಸಿಕೊಳ್ಳುತ್ತಾರೆ. ಹಳೆಯ ಚೀಟಿಗಳನ್ನು ನೋಡಿದ ಆ ಇಬ್ಬರು, ಲೆಕ್ಕ ತಾಳೆಯಾದ ಸಂಜೆಯೇ ಅವನ್ನು ಹರಿದು ಒಲೆಗೆ ಹಾಕಬೇಕು.